ಎರಡು ಲಕ್ಷದೊಳಗೆ ಮೊದಲ ಕಾರು

ಕೈಯಲ್ಲಿ ಎರಡು ಲಕ್ಷ ರೂಪಾಯಿ ಇದೆಯೆಂದರೆ ನೋಡಬೇಕಾದದ್ದು ಒಂದೂವರೆ ಲಕ್ಷದ ಕಾರು. ಮಿಕ್ಕ ಐವತ್ತು ಸಾವಿರ ಬ್ಯಾಂಕಿನಲ್ಲೇ ಉಳಿಯುತ್ತದೆ ಎಂದೇನೂ ತಿಳಿಯಬೇಡಿ. ಟೈರು, ಬ್ಯಾಟರಿ, ಕ್ಲಚ್ಚು, ವಿಮೆ, ಆರ್‌ಟಿಒ ಎಂದು ಮೊದಲ ಆರು ತಿಂಗಳಲ್ಲಿ ಅದು ತಾನಾಗಿಯೇ ಕರಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಈ ಲೆಕ್ಕವನ್ನು ತಿರುವುಮುರುವು ಮಾಡುತ್ತಾರೆ. ಎರಡು ಲಕ್ಷ ಇಟ್ಟುಕೊಂಡು ಎರಡೂಕಾಲಿನ ಕಾರಿಗೆ ಮನಸೋಲುತ್ತಾರೆ, ಕಡಿಮೆ ಬಿದ್ದದ್ದನ್ನು ಸ್ನೇಹಿತರಲ್ಲಿ ಕೈಗಡ ತರುತ್ತಾರೆ. ಎರಡನೇ ತಿಂಗಳು ಕಾರು ಗ್ಯಾರೇಜಿನಲ್ಲಿ ನಿಂತಾಗ ಬಿಡಿಸಿಕೊಳ್ಳಲು ಕಾಸಿರುವುದಿಲ್ಲ.

ಈ ಬೆಲೆಗೆ ಸಿಗುವುದು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನ ಗಾಡಿ. ಮಾರುತಿ ಆಲ್ಟೊ, ವ್ಯಾಗನ್ ಆರ್, ರಿಟ್ಜ್, ಹಳೆಯ ಸ್ವಿಫ್ಟ್, ಹ್ಯುಂಡೈ ಸ್ಯಾಂಟ್ರೊ, ಐ10, ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಟೊಯೊಟಾ ಎಟಿಯೋಸ್ ಲಿವಾ, ಇಂಥವು. ನನ್ನನ್ನು ಕೇಳಿದರೆ ಮೊದಲ ಕಾರು ಬೇಸರ ಬರುವಷ್ಟು ಸಾಮಾನ್ಯವಾಗಿರಬೇಕು. ಪೆಟ್ರೋಲ್ ಎಂಜಿನ್ನು, ಬಿಳಿ ಅಥವಾ ಬೂದು ಬಣ್ಣ, ಬೀದಿಗೆ ಎರಡು ಕಾಣುವ ಮಾಡೆಲ್ಲು. ಅಂಥ ಕಾರು ಸಿಂಧನೂರಿನಲ್ಲಿ ಕೈಕೊಟ್ಟರೂ ಸಕಲೇಶಪುರದಲ್ಲಿ ಕೈಕೊಟ್ಟರೂ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಸಿಗುತ್ತಾನೆ, ಸಾಮಾನೂ ಸಂಜೆಯೊಳಗೆ ಬರುತ್ತದೆ.

ಡೀಸೆಲ್ ಸ್ವಿಫ್ಟ್‌ನ ಮೈಲೇಜಿಗೆ ಮರುಳಾಗುವವರು ಬಹಳ. ಅದರ 1.3 ಲೀಟರ್ ಎಂಜಿನ್ನು ಮೂಲದಲ್ಲಿ ಫಿಯೆಟ್‌ನದು. ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊಗಳಲ್ಲೂ ಅದೇ ಇತ್ತು, ಗಟ್ಟಿ ಎಂಜಿನ್ನೇ. ಆದರೆ ಲಕ್ಷ ಕಿಲೋಮೀಟರ್ ಮೀರಿ ಓಡಿದ ಡೀಸೆಲ್ ಗಾಡಿಯಲ್ಲಿ ಟರ್ಬೊ, ಇಂಜೆಕ್ಟರ್ ಕೆಲಸ ಬಂತೆಂದರೆ ಉಳಿಸಿದ ಇಂಧನದ ಹಣವೆಲ್ಲ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ತಿಂಗಳಿಗೆ ಒಂದೂವರೆ ಸಾವಿರ ಕಿಲೋಮೀಟರ್ ಓಡಿಸದವರಿಗೆ ಡೀಸೆಲ್ ಬೇಡವೇ ಬೇಡ.

ಬಹಳ ಅಗ್ಗಕ್ಕೆ ಸಿಗುವ ಇನ್ನೊಂದು ಗುಂಪಿದೆ. ಷೆವರ್ಲೆ 2017ರ ಕೊನೆಗೆ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿತು. ಇಲ್ಲಿ ಕಾರು ತಯಾರಿಸುವುದನ್ನು ಬಿಡುತ್ತೇವೆಂದು ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಹೇಳಿತು, 2022ರಲ್ಲಿ ಡಾಟ್ಸನ್ ಹೋಯಿತು. ಬೀಟ್, ಫಿಗೊ ಓಡಿಸಲು ಚೆನ್ನಾಗಿಯೇ ಇರುತ್ತವೆ. ಆದರೆ ಇಂಥ ಕಾರುಗಳ ಬಂಪರ್ರೋ ಹೆಡ್‌ಲೈಟೋ ಒಡೆದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಸುತ್ತಬೇಕಾದೀತು. ಪರಿಚಯದ ಗ್ಯಾರೇಜಿದ್ದು, ಕಾಯುವ ತಾಳ್ಮೆಯೂ ಇದ್ದವರಿಗೆ ಲಾಭ. ಆಫೀಸಿಗೆ ಇದೊಂದೇ ಗತಿ ಎನ್ನುವವರಿಗಲ್ಲ.

ಅಗಲ ಟೈರು, ಅಲಾಯ್ ವೀಲು, ಕಿವಿ ಒಡೆಯುವ ಸೈಲೆನ್ಸರ್, ಕಪ್ಪು ಸನ್ ಫಿಲ್ಮ್ ಹಾಕಿದ ಕಾರು ಕಂಡರೆ ಇಪ್ಪತ್ತರ ವಯಸ್ಸಿನವರಿಗೆ ಕಣ್ಣರಳುತ್ತದೆ. ಗಾಜಿಗೆ ಹೀಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿತು. ಆರ್‌ಸಿಯಲ್ಲಿ ನಮೂದಾಗದ ಮಾರ್ಪಾಡಿನ ನೆಪ ಹಿಡಿದು ವಿಮಾ ಕಂಪನಿ ಕ್ಲೇಮಿಗೆ ತಕರಾರು ತೆಗೆಯಬಹುದು. ಅದಕ್ಕಿಂತ ಹೆಚ್ಚಾಗಿ, ಅಷ್ಟೆಲ್ಲ ಹಾಕಿಸಿದವನು ಗಾಡಿಯನ್ನು ಮೆಲ್ಲಗೆ ಓಡಿಸಿರುತ್ತಾನೆಂದು ನನಗಂತೂ ನಂಬಿಕೆಯಿಲ್ಲ.

ಕಾಗದ ಮೊದಲು, ಗಾಡಿ ಆಮೇಲೆ

"ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ, ಅಷ್ಟೇ." ಬ್ರೋಕರ್‌ಗಳ ಬಾಯಲ್ಲಿ ಈ ರಾಜ್ಯದ ಡಾಕ್ಟರುಗಳಿಗೆಲ್ಲ ತಲಾ ಹತ್ತು ಕಾರಿರಬೇಕು. ಆ ಮಾತನ್ನು ಅಲ್ಲಿಗೇ ಬಿಟ್ಟು ಗಾಡಿ ನಂಬರ್ ಕೇಳಿ. ನೋಡಲು ಹೋಗುವ ಮೊದಲೇ ಎಂಪರಿವಾಹನ್ ಆ್ಯಪಿನಲ್ಲಿ ಅದನ್ನು ಹಾಕಿ ನೋಡಿ. ಎಷ್ಟನೇ ಮಾಲೀಕ, ರಿಜಿಸ್ಟ್ರೇಷನ್ ಯಾವಾಗ ಆಯಿತು, ಯಾವಾಗ ಮುಗಿಯುತ್ತದೆ, ವಿಮೆ ಮತ್ತು ಎಮಿಷನ್ ಸರ್ಟಿಫಿಕೇಟ್ ಎಲ್ಲಿಯವರೆಗಿವೆ, ಸಾಲ ಇದೆಯೇ ಎಂಬುದೆಲ್ಲ ತಿಳಿಯುತ್ತದೆ. ಡಾಕ್ಟರ್ ಗಾಡಿ ಮೂರನೇ ಕೈ ದಾಟಿದ್ದು ಅನೇಕ ಸಲ ಇಲ್ಲೇ ಬಯಲಾಗುತ್ತದೆ, ಬಸ್ ಚಾರ್ಜು ಉಳಿಯುತ್ತದೆ.

ಟ್ರಾಫಿಕ್ ದಂಡವನ್ನೂ ಅದೇ ನಂಬರಿನಲ್ಲಿ ನೋಡಬಹುದು. ಬೆಂಗಳೂರಿನ ಗಾಡಿಯಾದರೆ ಇದನ್ನು ಮರೆಯಲೇಬಾರದು. ಸರ್ಕಾರ ಆಗಾಗ ಅರ್ಧ ದಂಡದ ರಿಯಾಯಿತಿ ಕೊಟ್ಟಿದೆ, 2023ರ ಫೆಬ್ರವರಿಯಲ್ಲಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕಟ್ಟಿದರು. ಅಂಥದ್ದೇ ಇನ್ನೊಂದು ಬರಲೆಂದು ಬಾಕಿ ಬೆಳೆಸಿಕೊಂಡೇ ಕೂತವರೂ ಇದ್ದಾರೆ. ಗಾಡಿ ಕೊಂಡ ಮೇಲೆ ಸಿಗ್ನಲ್ಲಿನಲ್ಲಿ ನಿಲ್ಲಿಸಿ ಕೇಳುವುದು ನಿಮ್ಮನ್ನು.

ಸಾಲದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕಂತು ತೀರಿ ವರ್ಷಗಳಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ ಮತ್ತು ಬ್ಯಾಂಕ್ ಸಹಿ ಹಾಕಿದ ಫಾರಂ 35 ಬೇಕು. "ಎನ್‌ಒಸಿ ಎಲ್ಲೋ ಇದೆ, ಆಮೇಲೆ ಕಳಿಸ್ತೀನಿ" ಎಂದರೆ ನಿಮ್ಮ ದುಡ್ಡೂ ಆಮೇಲೆಯೇ. ಕಂತು ಕಟ್ಟದೆ ಜಪ್ತಿಯಾದ ಗಾಡಿಗಳು ಬಜಾರಿನಲ್ಲಿ ಸೀಜಿಂಗ್ ಗಾಡಿ ಎಂದು ಅಗ್ಗಕ್ಕೆ ಬರುತ್ತವೆ. ಕಾಗದದ ಒಳಹೊರಗು ಗೊತ್ತಿದ್ದವರ ಆಟ ಅದು, ಮೊದಲ ಸಲ ಕೊಳ್ಳುವವರದ್ದಲ್ಲ.

ಖಾಸಗಿ ಕಾರಿನ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿತು. ಹಸಿರು ತೆರಿಗೆ ಬೇರೆ. ಎಫ್‌ಸಿಗೆ ನಿಲ್ಲಿಸುವ ಮುನ್ನ ಟಿಂಕರಿಂಗು, ಪೇಂಟು, ಲೈಟು ಎಂದು ಆಗುವ ಖರ್ಚು ಇನ್ನೂ ಬೇರೆ. ಹದಿನಾಲ್ಕೂವರೆ ವರ್ಷದ ಕಾರು ಅಷ್ಟು ಅಗ್ಗವಾಗಿರುವುದಕ್ಕೆ ಇದೇ ಕಾರಣ. ಮಾಲೀಕ ತಾನು ಮಾಡಬೇಕಾದ ಖರ್ಚನ್ನು ನಿಮಗೆ ದಾಟಿಸುತ್ತಿದ್ದಾನೆ.

ಹೊರರಾಜ್ಯದ ಗಾಡಿಗೂ ಇದೇ ಮಾತು. ದೆಹಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲೆ ಬಿದ್ದ ನಿರ್ಬಂಧದ ಭಯಕ್ಕೆ ಅಲ್ಲಿನ ಒಳ್ಳೊಳ್ಳೆಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತಿವೆ. ಫೋಟೊ ನೋಡಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಅಲ್ಲಿಂದ ಎನ್‌ಒಸಿ ತರಿಸಿ, ಇಲ್ಲಿ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿ, ಕೆಎ ನಂಬರ್ ಮಾಡಿಸಬೇಕು. ಕರ್ನಾಟಕದ ಈ ತೆರಿಗೆ ದೇಶದಲ್ಲೇ ಭಾರವಾದವುಗಳಲ್ಲೊಂದು. ಅದನ್ನು ಸೇರಿಸಿ ಕೂಡಿದರೆ ಅಗ್ಗದ ಕಾರು ಅಗ್ಗವಾಗಿ ಉಳಿಯುವುದು ಅಪರೂಪ. ಕೆಎ ನಂಬರಿನ ಗಾಡಿಯನ್ನೇ ನೋಡಿ.

ಇನ್ನೊಂದು ಪ್ರಶ್ನೆಯನ್ನು ಮಾರುವವರ ಮುಖ ನೋಡಿಯೇ ಕೇಳಬೇಕು: "ಇದು ಎಲ್ಲೋ ಬೋರ್ಡ್ ಆಗಿತ್ತಾ?" ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಗಾಡಿಗಳು ವೈಟ್ ಬೋರ್ಡ್‌ಗೆ ಬದಲಾಗಿ ಮೀಟರಿನಲ್ಲಿ ಅರವತ್ತೆಂಟು ಸಾವಿರ ತೋರಿಸುತ್ತಾ ನಿಂತಿರುತ್ತವೆ. ಮೀಟರ್ ಹಿಂದಕ್ಕೆ ತಿರುಗಿಸುವುದು ಈಗ ಅರ್ಧ ಗಂಟೆಯ ಕೆಲಸ. ಕ್ಲಚ್, ಬ್ರೇಕ್ ಪೆಡಲ್ಲಿನ ರಬ್ಬರ್ ನೋಡಿ. ಅದರ ಗೆರೆ ಸವೆದು ನುಣ್ಣಗಾಗಿದ್ದು, ಸ್ಟೀರಿಂಗ್ ಹಿಡಿಯುವ ಜಾಗ ಹೊಳೆಯುತ್ತಿದ್ದು, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದ್ದರೆ ಮೀಟರ್ ಏನೇ ಹೇಳಲಿ, ಗಾಡಿ ಬಹಳ ಓಡಿದೆ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದ ಸರ್ವಿಸಿನ ಬಿಲ್ಲುಗಳಿದ್ದರೆ ದಿನಾಂಕ, ಕಿಲೋಮೀಟರ್ ಎರಡೂ ಅದರಲ್ಲೇ ಇರುತ್ತವೆ.

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ

ಸಂಜೆ ಹೊತ್ತು, ಮಳೆಯಲ್ಲಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಾರು ನೋಡಬಾರದು. ಬೆಳಿಗ್ಗೆ ಹೋಗಿ, "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಣ್ಣ" ಎಂದು ಹಿಂದಿನ ದಿನವೇ ಹೇಳಿಟ್ಟು. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸ್ಟಾರ್ಟಿಂಗಿನ ತೊಂದರೆಯನ್ನೋ ಹೊಗೆಯನ್ನೋ ಮುಚ್ಚಲು ಆಗಲೇ ಓಡಿಸಿ ತಂದಿರಬಹುದು.

ಪರಿಚಯದ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ದು ಐನೂರೋ ಸಾವಿರವೋ ಕೈಗೆ ಕೊಡುವುದು ಈ ವ್ಯವಹಾರದಲ್ಲಿ ನೀವು ಮಾಡುವ ಅತ್ಯಂತ ಬುದ್ಧಿವಂತ ಖರ್ಚು. ಮಾರುವವರು ತೋರಿಸಿದ ಮೆಕ್ಯಾನಿಕ್ ಬೇಡ. ಒಳ್ಳೆಯ ಮೆಕ್ಯಾನಿಕ್ ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠ. ಅವನು ಎಂಜಿನ್ನಿಗಿಂತ ಮೊದಲು ಬಾನೆಟ್ಟಿನ ಬೋಲ್ಟ್ ನೋಡುತ್ತಾನೆ. ಬೋಲ್ಟಿನ ತಲೆಯ ಬಣ್ಣ ಕಿತ್ತು ಸ್ಪ್ಯಾನರ್ ಗುರುತು ಮೂಡಿದ್ದರೆ ಬಾನೆಟ್ಟನ್ನೋ ಫೆಂಡರನ್ನೋ ಒಮ್ಮೆ ಕಳಚಿದ್ದಾರೆ ಎಂದರ್ಥ. ಆಮೇಲೆ ಬಾಗಿಲಿನ ಅಂಚಿನ ರಬ್ಬರ್ ಬೀಡಿಂಗನ್ನು ಎಳೆದು, ಒಳಗಿನ ವೆಲ್ಡಿಂಗ್ ಚುಕ್ಕೆಗಳ ಮೇಲೆ ಬೆರಳಾಡಿಸುತ್ತಾನೆ. ಫ್ಯಾಕ್ಟರಿಯಲ್ಲಿ ಬಿದ್ದ ಚುಕ್ಕೆಗಳು ಸಮನಾದ ಅಂತರದಲ್ಲಿ, ದುಂಡಗೆ ತಗ್ಗಾಗಿರುತ್ತವೆ. ಗ್ಯಾರೇಜಿನಲ್ಲಿ ಬೆಸೆದದ್ದು ಬೆರಳಿಗೆ ಒರಟಾಗಿ ಸಿಗುತ್ತದೆ, ಇಲ್ಲವೇ ಪುಟ್ಟಿ ಮೆತ್ತಿ ಚುಕ್ಕೆಯೇ ಕಾಣದಂತಾಗಿರುತ್ತದೆ. ಗಾಜುಗಳ ಮೂಲೆಯ ಗುರುತನ್ನೂ ನೋಡುತ್ತಾನೆ. ಐದು ಗಾಜು ಒಂದೇ ಕಂಪನಿಯದಾಗಿದ್ದು ಒಂದು ಮಾತ್ರ ಬೇರೆಯಾಗಿದ್ದರೆ ಆ ಬದಿಗೆ ಏನೋ ಬಡಿದಿದೆ. ಬಂಪರ್ ಸವರಿದ್ದು, ಬಾಗಿಲು ನೆಗ್ಗಿದ್ದು ನಮ್ಮ ರಸ್ತೆಗಳಲ್ಲಿ ಮಾಮೂಲು, ಅದಕ್ಕೆ ಹೆದರಬೇಕಿಲ್ಲ. ಚಾಸಿಗೆ, ಮುಂದಿನ ಏಪ್ರನ್ನಿಗೆ ಏಟು ಬಿದ್ದ ಗಾಡಿ ಮಾತ್ರ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಎಂಜಿನ್ ಆಯಿಲ್ ಮುಚ್ಚಳ ತೆಗೆದು ಒಳಭಾಗ ನೋಡಿ. ಹಾಲು ಬೆರೆತಂತೆ ಬಿಳಿಚಿದ ಜಿಡ್ಡು ಇದ್ದರೆ ಕೂಲೆಂಟ್ ಆಯಿಲ್ಲಿಗೆ ಸೇರುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ. ಸ್ಟಾರ್ಟ್ ಮಾಡಿಸಿ ಹಿಂದೆ ನಿಲ್ಲಿ. ಚಳಿಯ ಬೆಳಿಗ್ಗೆ ತುಸು ಬಿಳಿ ಹಬೆ ಬಂದು ನಿಂತರೆ ತೊಂದರೆಯಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಿಡುತ್ತಿದ್ದರೆ ಅಲ್ಲಿಂದಲೇ ವಾಪಸ್ ಹೊರಡಿ.

ಓಡಿಸುವಾಗ ಹಾಡು ಬಂದ್, ಕಿಟಕಿ ಅರ್ಧ ಇಳಿಸಿ. ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಧಾನ ಸುತ್ತು ಹೊಡೆದಾಗ ಮುಂದಿನ ಗಾಲಿಯಿಂದ ಕಟಕಟ ಸದ್ದು ಬಂದರೆ ಆ್ಯಕ್ಸಲ್ ಜಾಯಿಂಟ್ ಸವೆದಿದೆ. ಏರಿನಲ್ಲಿ ಮೂರನೇ ಗೇರಿನಲ್ಲಿ ಆ್ಯಕ್ಸಿಲರೇಟರ್ ಒತ್ತಿದಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಇವೆರಡೂ ರಿಪೇರಿಯಾಗುವಂಥವು. ಗಾಡಿ ಬಿಡುವುದಕ್ಕೆ ಇವು ಕಾರಣವಲ್ಲ, ಬೆಲೆ ಇಳಿಸುವುದಕ್ಕೆ ಕಾರಣ. ಹಳೆಯ ಸ್ಯಾಂಟ್ರೊದಂಥ ಟೈಮಿಂಗ್ ಬೆಲ್ಟಿನ ಎಂಜಿನ್ನಾದರೆ ಬೆಲ್ಟ್ ಯಾವಾಗ ಬದಲಿಸಿದ್ದು ಎಂದು ಕೇಳಿ. ಬಿಲ್ಲು ತೋರಿಸದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿಯಿರಿ.

ಕರಾವಳಿಯ ಗಾಡಿಯಾದರೆ, ನಂಬರ್ ಕೆಎ-19, ಕೆಎ-20, ಕೆಎ-30 ಎಂದಿದ್ದರೆ, ಮೆಕ್ಯಾನಿಕ್ ಅಡಿಗೆ ತೂರಲೇಬೇಕು. ಉಪ್ಪುಗಾಳಿ ಮೇಲಿನ ಬಣ್ಣ ಹಾಗೇ ಬಿಟ್ಟು ಬುಡದಿಂದ ತಿನ್ನುತ್ತದೆ. ಬಾಗಿಲಿನ ಕೆಳ ಅಂಚು, ಮೆಟ್ಟಿಲ ಪಟ್ಟಿ, ಸ್ಪೇರ್ ಟೈರಿನ ಗುಂಡಿ, ಇವಿಷ್ಟನ್ನೂ ತಟ್ಟಿ ನೋಡಬೇಕು.

ನೀರಲ್ಲಿ ಮುಳುಗಿದ ಗಾಡಿಯೂ ಹಾಗೆಯೇ, ಮೇಲ್ನೋಟಕ್ಕೆ ತಿಳಿಯುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ನೆಲಮಾಳಿಗೆಗಳಲ್ಲಿ, 2023ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ನೀರು ಕುಡಿದ ಕಾರುಗಳೆಲ್ಲ ಗುಜರಿಗೆ ಹೋಗಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ತೊಳೆಯುವವರ ಕೈ ಅಲ್ಲಿಯವರೆಗೆ ಹೋಗಿರುವುದಿಲ್ಲ, ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳಿಗೆ ತುಕ್ಕು, ಕಾರ್ಪೆಟ್ ಕೆಳಗೆ ಮುಗ್ಗಲು ವಾಸನೆ, ಅದರ ಮೇಲೆ ಘಾಟಿನ ಪರ್ಫ್ಯೂಮ್ ಇವೆಲ್ಲ ಒಟ್ಟಿಗೆ ಸಿಕ್ಕಿದರೆ ಕೈ ಮುಗಿದು ಬನ್ನಿ.

ಹೊಸ ಚಾಲಕನಿಗೆ ಬೇಕಾದ ಎರಡು ದೀಪ

2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಆಲ್ಟೊ 800, ಐ10, ಫಿಗೊ, ನ್ಯಾನೊ ಮತ್ತು ಪೋಲೊ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಡಿಕ್ಕಿ ಹೊಡೆಸಿ ನೋಡಿತು. ಐದಕ್ಕೂ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ಸ್ಟಾರ್. ಎರಡು ಏರ್‌ಬ್ಯಾಗ್ ಹಾಕಿದ ಪೋಲೊಗೆ ನಾಲ್ಕು ಸ್ಟಾರ್ ಬಂತು. ಡ್ರೈವರ್ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಜುಲೈನಲ್ಲಿ, ಎಬಿಎಸ್ ಅದೇ ವರ್ಷದ ಏಪ್ರಿಲ್‌ನಲ್ಲಿ. ಅಂದರೆ ನಿಮ್ಮ ಬಜೆಟ್ಟಿಗೆ ಸಿಗುವ ಬಹುಪಾಲು ಕಾರುಗಳು ಅದಕ್ಕಿಂತ ಹಿಂದಿನವು, ಬೇಸ್ ಮಾಡೆಲ್ ಆಗಿದ್ದರೆ ಎರಡೂ ಇರುವುದಿಲ್ಲ. ಒಂದೇ ಥರದ ಎರಡು ಕಾರು ಎದುರಿಗಿದ್ದು, ಹದಿನೈದಿಪ್ಪತ್ತು ಸಾವಿರ ಹೆಚ್ಚಿಗೆ ಕೊಟ್ಟರೆ ಏರ್‌ಬ್ಯಾಗ್, ಎಬಿಎಸ್ ಇರುವುದು ಸಿಗುತ್ತದೆಂದರೆ ಅದನ್ನೇ ತೆಗೆದುಕೊಳ್ಳಿ, ಒಂದು ವರ್ಷ ಹಳೆಯದಾದರೂ ಸರಿ. ಕೈ ಇನ್ನೂ ಪಳಗಿರದವರಿಗೆ ಮ್ಯೂಸಿಕ್ ಸಿಸ್ಟಂಗಿಂತ ಇವೇ ಮುಖ್ಯ.

ಇದ್ದದ್ದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಒಂದು ಸುಲಭದ ಉಪಾಯ. ಕೀ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಡ್ಯಾಶ್‌ಬೋರ್ಡ್ ನೋಡಿ. ಏರ್‌ಬ್ಯಾಗಿನ ಕೆಂಪು ದೀಪ, ಎಬಿಎಸ್ಸಿನ ಹಳದಿ ದೀಪ ಎರಡೂ ಹೊತ್ತಿಕೊಂಡು ಕೆಲ ಕ್ಷಣದಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ ಅದು ಇನ್ನೂ ಕೆಟ್ಟದ್ದು. ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಹಾಕಿಸದೆ, ಬರೀ ಮುಚ್ಚಳ ಕೂರಿಸಿ, ದೀಪದ ಸಂಪರ್ಕವನ್ನೇ ಕಿತ್ತಿರುವ ಸಾಧ್ಯತೆ ಇದೆ.

ಟೈರಿನ ಹುಟ್ಟಿದ ದಿನ ಅದರ ಬದಿಯಲ್ಲೇ ಇರುತ್ತದೆ. ಉದ್ದಗಿನ ಪುಟ್ಟ ಚೌಕಟ್ಟಿನಲ್ಲಿ 3219 ಎಂದಿದ್ದರೆ 2019ರ 32ನೇ ವಾರ. ಗೆರೆ ಆಳವಾಗಿ ಕಂಡರೂ ಆರೇಳು ವರ್ಷ ದಾಟಿದ ರಬ್ಬರು ಗಡುಸಾಗಿ, ಮಳೆಯಲ್ಲಿ ಬ್ರೇಕ್ ಒತ್ತಿದರೆ ಜಾರುತ್ತದೆ. ನಾಲ್ಕೂ ಹಳೆಯವಾದರೆ ಚಿಕ್ಕ ಕಾರಿಗೂ ಹತ್ತು ಸಾವಿರದ ಮೇಲಿನ ಮಾತು. ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಿರಿ.

ಚೌಕಾಸಿ, ಹೆಸರು ಬದಲಾವಣೆ, ವಿಮೆ

ಚೌಕಾಸಿಗೆ ಒಂದು ಹೊಸ ಅಸ್ತ್ರವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಹೊಸ ಆಲ್ಟೊ, ವ್ಯಾಗನ್ ಆರ್‌ಗಳ ಬೆಲೆಯೇ ಕುಸಿಯಿತು. ಹೊಸದು ಅಗ್ಗವಾದ ಮೇಲೂ ಹಳೆಯದಕ್ಕೆ ಮೊದಲಿನ ಬೆಲೆ ಹೇಳುವವರಿಗೆ ಇದನ್ನು ನೆನಪಿಸಿ. ಮೆಕ್ಯಾನಿಕ್ ಬರೆದುಕೊಟ್ಟ ಖರ್ಚಿನ ಪಟ್ಟಿ ಮುಂದಿಟ್ಟು ಮಾತಾಡಿ. "ಇನ್ನೊಬ್ಬರು ಸಂಜೆ ಟೋಕನ್ ಕೊಡ್ತಾರೆ" ಎಂಬ ಮಾತು ಬಂದೇ ಬರುತ್ತದೆ. ಕೊಡಲಿ ಬಿಡಿ.

ಡೀಲರ್ ಹತ್ತಿರ ಕೊಳ್ಳುವುದಾದರೆ ಅವರಿಗೆ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ಕೇಳಬಹುದು. ಹಳೆಯ ವಾಹನ ಮಾರುವ ಡೀಲರುಗಳಿಗೆ 2023ರ ಏಪ್ರಿಲ್‌ನಿಂದ ಈ ನಿಯಮ ಬಂದಿದೆ. ನೇರ ಮಾಲೀಕರಿಂದ ಕೊಂಡರೆ ಹಣವನ್ನು ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಿ. ಬಾಮೈದನ ಖಾತೆಗೂ ಬೇಡ, ಬ್ರೋಕರ್ ಖಾತೆಗೂ ಬೇಡ. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ವರ್ಗವಾಗಬೇಕು. ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಸಿ. ಬೆಳಿಗ್ಗೆ ಹತ್ತಕ್ಕೆ ಅವರು ಎಲ್ಲೋ ಗುದ್ದಿ, ಹನ್ನೊಂದಕ್ಕೆ ನಿಮಗೆ ಒಪ್ಪಿಸಿದರೆ ಆ ಒಂದು ಗಂಟೆಯೇ ನಿಮ್ಮನ್ನು ಕಾಯುತ್ತದೆ.

ಹೆಸರು ಬದಲಾವಣೆಯನ್ನು ಮುಂದೂಡುವ ಚಾಳಿ ನಮ್ಮಲ್ಲಿ ಹಳೆಯದು. ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಡ್ಯಾಶ್‌ಬೋರ್ಡಿನಲ್ಲಿಟ್ಟು ವರ್ಷಗಟ್ಟಲೆ ಓಡಿಸುವವರಿದ್ದಾರೆ. ಕಾನೂನಿನ ಪ್ರಕಾರ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಹಲವು ಕೈ ದಾಟಿದ್ದರೂ ಹೆಸರು ಬದಲಾಗದ ಕಾರೊಂದರ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ರಿಜಿಸ್ಟ್ರೇಷನ್‌ನಲ್ಲಿ ಹೆಸರಿರುವವರೇ ಹೊಣೆ ಎಂದಿತು. ಮಾರುವವರು ಹಿಂದೇಟು ಹಾಕಿದರೆ ಈ ತೀರ್ಪನ್ನು ಹೇಳಿ, ಅವರೇ ನಿಮಗಿಂತ ಮುಂದೆ ಓಡಿಬರುತ್ತಾರೆ. ಅರ್ಜಿ ಪರಿವಾಹನ್ ಜಾಲತಾಣದಲ್ಲೇ ಹಾಕಬಹುದು, ಸರ್ಕಾರಿ ಶುಲ್ಕ ಕೆಲವು ನೂರು ರೂಪಾಯಿ. ಏಜೆಂಟ್ ಕೇಳುವ ಸಾವಿರಗಳು ಅವರ ಸೇವೆಯದು.

ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಥರ್ಡ್ ಪಾರ್ಟಿ ವಿಮೆಯ ದರ ಚಾಲಕನ ವಯಸ್ಸು ನೋಡುವುದಿಲ್ಲ, ಎಂಜಿನ್ ಗಾತ್ರ ನೋಡುತ್ತದೆ. 2022ರಲ್ಲಿ ನಿಗದಿಯಾದಂತೆ 1000 ಸಿಸಿಯೊಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಜಿಎಸ್‌ಟಿ ಪ್ರತ್ಯೇಕ. ಚಿಕ್ಕ ಎಂಜಿನ್ ಆರಿಸಲು ಇದೂ ಒಂದು ಕಾರಣ. ಹಿಂದಿನ ಮಾಲೀಕರು ಗಳಿಸಿದ ನೋ ಕ್ಲೇಮ್ ಬೋನಸ್ ಅವರದ್ದೇ, ಗಾಡಿಯ ಜೊತೆ ಬರುವುದಿಲ್ಲ. ಪೂರ್ಣ ವಿಮೆ ಮಾಡಿಸುವಾಗ ಆ ವ್ಯತ್ಯಾಸ ಕೈಯಿಂದ ಹೋಗುತ್ತದೆಂದು ಮೊದಲೇ ಲೆಕ್ಕ ಹಾಕಿ. ಒಂದೂವರೆ ಲಕ್ಷದ ಕಾರಿಗೆ ಪೂರ್ಣ ವಿಮೆ ಬೇಕೇ ಎಂದು ಕೇಳುವವರಿದ್ದಾರೆ. ಕೈ ಪಳಗುವವರೆಗೆ, ಮೊದಲ ವರ್ಷವಾದರೂ, ಬೇಕು.

ಗಾಡಿ ಮನೆಗೆ ತಂದ ವಾರದಲ್ಲೇ ಎಂಜಿನ್ ಆಯಿಲ್, ಫಿಲ್ಟರ್‌ಗಳು, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಹೊಸದು ಹಾಕಿಸಿ, "ಮೊನ್ನೆ ತಾನೇ ಸರ್ವಿಸ್ ಮಾಡಿಸಿದ್ದು" ಎಂದು ಹೇಳಿದ್ದರೂ. ಈಗ ಬಂಕುಗಳಲ್ಲಿ ಬರುತ್ತಿರುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್, 2023ರ ಏಪ್ರಿಲ್‌ಗಿಂತ ಹಿಂದಿನ ಹೆಚ್ಚಿನ ಕಾರುಗಳು ಅದನ್ನು ನೆನೆದು ಮಾಡಿದವಲ್ಲ. ಸರ್ವಿಸಿಗೆ ಬಿಟ್ಟಾಗ ಪೆಟ್ರೋಲ್ ಪೈಪುಗಳ ರಬ್ಬರನ್ನೂ ನೋಡಿಸಿ. 2019ರ ಏಪ್ರಿಲ್‌ಗಿಂತ ಮೊದಲು ರಿಜಿಸ್ಟರ್ ಆದ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿದ್ದಾರೆಯೇ ಎಂದು ನೋಡಿಕೊಳ್ಳಿ. ಹಳೆಯ ಮಾಲೀಕರ ಫಾಸ್ಟ್‌ಟ್ಯಾಗನ್ನು ಅವರಿಂದಲೇ ರದ್ದು ಮಾಡಿಸಿ, ಅದು ರದ್ದಾಗುವವರೆಗೆ ಅದೇ ಗಾಡಿಗೆ ನಿಮಗೆ ಹೊಸ ಟ್ಯಾಗ್ ಸಿಗುವುದಿಲ್ಲ. ಮತ್ತೆ ಗಾಡಿಯ ಎರಡನೇ ಕೀ ಕೇಳಿ ಪಡೆಯಿರಿ. ಮೊದಲೇ ಕೇಳಿದರೆ ಮನೆಯ ಬೀರುವಿನಲ್ಲಿರುತ್ತದೆ, ಹಣ ಸಂದ ಮೇಲೆ ಕೇಳಿದರೆ ಯಾವಾಗಲೂ ಕಳೆದುಹೋಗಿರುತ್ತದೆ.